ಕ್ಯಾಸಿನೊ, ಸ್ಲಾಟ್ ಮಷಿನ್ ಮತ್ತು ಸರ್ಕಾರದ ಬೊಕ್ಕಸ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಾಗೆ ಹೋಗಿ ಬಂದವರು ಊರಿಗೆ ವಾಪಸ್ಸಾದ ಮೇಲೆ ಮೊದಲು ಮಾತಾಡುವುದು ಸಮುದ್ರದ ಬಗ್ಗೆ, ಆಮೇಲೆ ಕ್ಯಾಸಿನೊ ಬಗ್ಗೆ. ಅಲ್ಲಿಂದ ಮಾತು ಬೇಗ ನಮ್ಮ ಕಡೆಗೇ ತಿರುಗುತ್ತದೆ. ನಮ್ಮ ಬೆಟ್ಟದ ಮೇಲೂ ಒಂದು ಬಂದರೆ ಏನಾಗುತ್ತೆ, ರಸ್ತೆ ಆಗುತ್ತಾ, ಹುಡುಗರಿಗೆ ಕೆಲಸ ಸಿಗುತ್ತಾ? ಆ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಟ್ಟಿಲ್ಲ, ಓದುತ್ತಾ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಕ್ಯಾಸಿನೊ ತೆರೆಯಬಹುದಾ?

ಈಗಿನ ಕಾನೂನಿನಲ್ಲಿ ಆಗುವುದಿಲ್ಲ. ಸಂವಿಧಾನದಲ್ಲಿ ಜೂಜು ಮತ್ತು ಬೆಟ್ಟಿಂಗ್ ರಾಜ್ಯಗಳ ಪಟ್ಟಿಯಲ್ಲಿದೆ. ಅದಕ್ಕೇ ಗೋವಾದಲ್ಲಿ ಒಂದು ಕಾನೂನು, ನಮ್ಮಲ್ಲಿ ಇನ್ನೊಂದು. ನಮ್ಮಲ್ಲಿ ನಡೆಯುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಪೇಪರಿನಲ್ಲಿ "ಜೂಜು ಅಡ್ಡೆ ಮೇಲೆ ದಾಳಿ, ಇಷ್ಟು ಮಂದಿ ಬಂಧನ" ಅಂತ ಓದುತ್ತೀರಲ್ಲ, ಆ ಕೇಸುಗಳು ಬೀಳುವುದು ಇದೇ ಕಾಯ್ದೆಯ ಕಲಂಗಳಲ್ಲಿ. ಮಟ್ಕಾ ಚೀಟಿ ಬರೆದರೆ 78, ಅಡ್ಡೆ ನಡೆಸಿದರೆ 79, ಅಲ್ಲಿ ಕೂತು ಆಡಿದರೆ 80, ರಸ್ತೆ ಬದಿಯಲ್ಲಿ ಅಂದರ್ ಬಾಹರ್ ಆಡಿದರೆ 87.

ಕ್ಯಾಸಿನೊಗೆ ಕಾನೂನಿನ ದಾರಿ ಮಾಡಿಕೊಟ್ಟಿರುವುದು ಮುಖ್ಯವಾಗಿ ಗೋವಾ ಮತ್ತು ಸಿಕ್ಕಿಂ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ವಿಧಾನಸಭೆಯಲ್ಲಿ ಕಾನೂನು ಬದಲಿಸಬಹುದು. ಹಾಗಾಗಿ ಇದು ಕೊನೆಗೆ ರಾಜಕೀಯದ ಪ್ರಶ್ನೆಯೇ.

ಚಿಕ್ಕಮಗಳೂರಿನ ಸಚಿವರೇ ಕ್ಯಾಸಿನೊ ತರ್ತೀವಿ ಅಂದಿದ್ರು ಅಂತಾರೆ, ನಿಜಾನಾ?

2020ರ ಫೆಬ್ರವರಿಯಲ್ಲಿ ಸಿ.ಟಿ. ರವಿ ಅವರು ಪ್ರವಾಸೋದ್ಯಮ ಸಚಿವರಾಗಿದ್ದರು. ಪ್ರವಾಸಿಗರನ್ನು ಸೆಳೆಯಲು ರಾಜ್ಯದಲ್ಲಿ ಕ್ಯಾಸಿನೊ ಮಾಡುವ ಮಾತನ್ನು ಆಗ ಆಡಿದ್ದರು. ವಿರೋಧ ಬಂತು. ಅಂಥ ಪ್ರಸ್ತಾವ ಸರ್ಕಾರದ ಮುಂದೆ ಇಲ್ಲ ಎಂಬ ಸ್ಪಷ್ಟನೆಯೂ ಬಂತು. ಅಲ್ಲಿಗೆ ಅದು ನಿಂತಿತು. ಚಿಕ್ಕಮಗಳೂರಿಗೇ ತರುತ್ತೇವೆ ಅಂತ ಅಲ್ಲ, ಒಟ್ಟು ರಾಜ್ಯದ ಬಗ್ಗೆ ಆಡಿದ ಮಾತು ಅದು. ಆದರೆ ಒಮ್ಮೆ ಎದ್ದ ಯೋಚನೆ ಮತ್ತೆ ಏಳಬಹುದು, ಅದೂ ಬೊಕ್ಕಸ ಖಾಲಿ ಆದಾಗ. ಮುಂಚೆಯೇ ತಿಳಿದುಕೊಂಡಿರುವುದು ಒಳ್ಳೆಯದು.

ಸ್ಲಾಟ್ ಮಷಿನ್ ಒಳಗೆ ನಿಜವಾಗಿ ಏನು ನಡೆಯುತ್ತೆ?

ದುಡ್ಡು ಹಾಕಿ ಚಕ್ರ ತಿರುಗಿಸಿ, ಹೊಂದುವ ಚಿತ್ರಗಳು ಸಾಲಾಗಿ ಬಂದರೆ ಗೆಲ್ಲುವ ಜೂಜಿನ ಮಷಿನ್ ಇದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಿಕ್ಕ ಲೆಕ್ಕವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ 'ಲಿಬರ್ಟಿ ಬೆಲ್' ಎಂಬ ಮಷಿನ್ ಮಾಡಿದ. ಮೂರು ಚಕ್ರ, ಪಕ್ಕದಲ್ಲಿ ಎಳೆಯುವ ಹಿಡಿ. ಆಗ ನಿಜವಾಗಿಯೂ ಚಕ್ರ ತಿರುಗಿ ನಿಲ್ಲುತ್ತಿತ್ತು, ಎಲ್ಲಿ ನಿಂತಿತೋ ಅದೇ ಫಲಿತಾಂಶ. ಈಗಿನ ಮಷಿನ್ ಹಾಗಲ್ಲ. ಒಳಗಿರುವ ಕಂಪ್ಯೂಟರ್ ಒಂದು ಸಂಖ್ಯೆ ಆರಿಸುತ್ತದೆ. ನೀವು ಬಟನ್ ಒತ್ತಿದ ಕ್ಷಣಕ್ಕೇ ಸೋಲು ಗೆಲುವು ತೀರ್ಮಾನ ಆಗಿರುತ್ತದೆ. ಆಮೇಲೆ ತಿರುಗುವ ಚಿತ್ರ ಸುಮ್ನೆ ತೋರಿಕೆಗೆ.

1984ರಲ್ಲಿ ಇಂಗೆ ಟೆಲ್ನೆಸ್ ಎಂಬುವರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಕಣ್ಣಿಗೆ ಕಾಣುವ ಚಕ್ರದಲ್ಲಿ ಇಪ್ಪತ್ತು ಚಿಲ್ಲರೆ ಜಾಗ ಇದ್ದರೂ ಕಂಪ್ಯೂಟರಿನೊಳಗಿನ ಚಕ್ರದಲ್ಲಿ ಎಷ್ಟು ಬೇಕಾದರೂ ಜಾಗ ಇಟ್ಟುಕೊಳ್ಳಬಹುದು ಎನ್ನುವುದು ಅದರ ತಿರುಳು. ಇದರಿಂದ ಎರಡು ಕೆಲಸ ಆಯಿತು. ಜಾಕ್‌ಪಾಟ್ ಚಿತ್ರ ಕಣ್ಣೆದುರಿಗೇ ಇದ್ದರೂ ಅದು ಬರುವ ಸಂಭವವನ್ನು ತುಂಬಾ ಕಡಿಮೆ ಮಾಡಬಹುದು. ಅದರ ಪಕ್ಕದ ಖಾಲಿ ಜಾಗಕ್ಕೆ ಜಾಸ್ತಿ ಪಾಲು ಕೊಟ್ಟರೆ, "ಅಯ್ಯೋ, ಒಂದೇ ಒಂದು ಚೂರಿನಲ್ಲಿ ತಪ್ಪಿತು" ಅನ್ನಿಸುವ ಸೋಲುಗಳನ್ನೂ ಮತ್ತೆ ಮತ್ತೆ ತೋರಿಸಬಹುದು. ಸೋತವನಿಗೆ ಇನ್ನೊಂದು ಸಲ ಒತ್ತುವ ಆಸೆ ಹುಟ್ಟುವುದೇ ಈ ಜಾಗದಲ್ಲಿ.

ಈಗ ದುಡ್ಡಿನ ಲೆಕ್ಕ. ಮಷಿನ್ 100 ರೂಪಾಯಿಗೆ ಸರಾಸರಿ 92 ರೂಪಾಯಿ ವಾಪಸ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕೇಳಿದವರು "ಎರಡು ಸಾವಿರ ತಗೊಂಡು ಹೋದರೆ ನೂರಾ ಅರವತ್ತು ಹೋಗಬಹುದು, ಅಷ್ಟೇ ಅಲ್ವಾ" ಅನ್ನುತ್ತಾರೆ. ಆದರೆ ಆ ಎಂಟು ರೂಪಾಯಿ ಹೋಗುವುದು ನೀವು ತಂದ ಹಣದ ಮೇಲೆ ಅಲ್ಲ, ಪ್ರತಿ ಸಲ ಕಟ್ಟಿದ ಹಣದ ಮೇಲೆ. ಒಂದು ಆಟಕ್ಕೆ 10 ರೂಪಾಯಿ, ಆರು ಸೆಕೆಂಡಿಗೆ ಒಂದು ಆಟ ಅಂದರೆ ಗಂಟೆಗೆ 600 ಆಟ. ಕಟ್ಟಿದ ಹಣ 6,000 ರೂಪಾಯಿ. ಅದರಲ್ಲಿ ನೂರಕ್ಕೆ ಎಂಟರಂತೆ 480 ರೂಪಾಯಿ ಒಂದೇ ಗಂಟೆಯಲ್ಲಿ ಹೋಗುತ್ತದೆ. ಸರಾಸರಿ ಲೆಕ್ಕದಲ್ಲಿ ನಾಲ್ಕು ಗಂಟೆ ಚಿಲ್ಲರೆಗೆ ಎರಡು ಸಾವಿರ ಪೂರ್ತಿ ಮುಗಿಯುತ್ತದೆ. ನಡುವೆ ಹಲವು ಸಲ ಗೆದ್ದಿರುತ್ತೀರಿ, ಗೆದ್ದದ್ದೂ ವಾಪಸ್ ಅದರೊಳಗೇ ಹೋಗಿರುತ್ತದೆ.

ಅಂದ್ರೆ ಕ್ಯಾಸಿನೊದವರು ಮೋಸ ಮಾಡ್ತಾರಾ?

ಮಾಡಬೇಕಾದ ಅಗತ್ಯವೇ ಇಲ್ಲ. ರೂಲೆಟ್ ಅಂದರೆ ಚಕ್ರ ತಿರುಗಿಸಿ, ಗೋಲಿ ಯಾವ ಮನೆಯಲ್ಲಿ ನಿಲ್ಲುತ್ತದೆ ಅಂತ ಹಣ ಕಟ್ಟುವ ಆಟ. ಯೂರೋಪಿನ ರೂಲೆಟ್ ಚಕ್ರದಲ್ಲಿ 37 ಮನೆ ಇರುತ್ತವೆ. ಒಂದು ಮನೆಗೆ ಕಟ್ಟಿ ಗೆದ್ದರೆ 35 ಪಟ್ಟು ಕೊಡುತ್ತಾರೆ. ಆ ವ್ಯತ್ಯಾಸದಲ್ಲೇ ನೂರಕ್ಕೆ 2.7 ರೂಪಾಯಿ ಅವರ ಪಾಲು. ಅಮೆರಿಕದ ಚಕ್ರದಲ್ಲಿ ಇನ್ನೊಂದು ಮನೆ ಸೇರಿಸಿ ಅದನ್ನು 5.26 ಮಾಡಿಕೊಂಡಿದ್ದಾರೆ. ಗಣಿತ ತಾನಾಗಿಯೇ ಕೆಲಸ ಮಾಡುತ್ತದೆ. ಅವರಿಗೆ ಬೇಕಾಗಿರುವುದು ನೀವು ಜಾಸ್ತಿ ಹೊತ್ತು ಕೂರುವುದು ಮಾತ್ರ. ಟಿಕೆಟ್ಟಿನ ಜೊತೆ ಊಟ, ಕುಡಿತ, ಹಾಡು, ಕುಣಿತ ಎಲ್ಲ ಯಾಕೆ ಇರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಗೋವಾ ಸರ್ಕಾರ ಜನ ವಿರೋಧಿಸಿದ್ರೂ ಯಾಕೆ ಬಿಡಲ್ಲ?

ಗೋವಾದ ಕಥೆ ನಮಗೆ ಒಳ್ಳೆಯ ಪಾಠ. ಅಲ್ಲಿನ ಜೂಜು ಕಾಯ್ದೆ 1976ರದ್ದು. 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷಿನ್ ಇಡಲು ಬಿಟ್ಟರು. 1996ರಲ್ಲಿ ಇನ್ನೊಂದು ತಿದ್ದುಪಡಿ ಬಂತು, ಹಡಗಿನಲ್ಲಿ ಇಸ್ಪೀಟು, ರೂಲೆಟ್‌ನಂಥ ಟೇಬಲ್ ಆಟಕ್ಕೂ ಅವಕಾಶ ಸಿಕ್ಕಿತು. ನೋಡಿ, ಹೇಗೆ ಹೆಜ್ಜೆ ಹೆಜ್ಜೆಯಾಗಿ ಬಂತು. ಮೊದಲು ಬರೀ ಮಷಿನ್, ಅದೂ ದೊಡ್ಡ ಹೋಟೆಲಿನಲ್ಲಿ ಮಾತ್ರ. ಆಮೇಲೆ ನೀರಿನ ಮೇಲೆ. ಈಗ ಪಣಜಿಯ ಎದುರಿಗೆ ಮಾಂಡೋವಿ ನದಿಯಲ್ಲಿ ಆರು ಕ್ಯಾಸಿನೊ ಹಡಗು ನಿಂತಿವೆ.

ಈ ಎರಡೂ ತಿದ್ದುಪಡಿ ಆದದ್ದು ಕಾಂಗ್ರೆಸ್ ಸರ್ಕಾರಗಳ ಕಾಲದಲ್ಲಿ. ಆಗ ಪ್ರತಿಪಕ್ಷದಲ್ಲಿದ್ದ ಬಿಜೆಪಿ 2012ರ ಚುನಾವಣೆಗೆ ಮುಂಚೆ ಹಡಗುಗಳನ್ನು ಮಾಂಡೋವಿಯಿಂದ ಹೊರಗೆ ಕಳಿಸುತ್ತೇವೆ ಎನ್ನುತ್ತಿತ್ತು. ಗೆದ್ದು ಅಧಿಕಾರಕ್ಕೆ ಬಂತು. ಹಡಗುಗಳು ಅಲ್ಲೇ ಇವೆ, ನದಿಯಲ್ಲಿ ಇರಲು ಅವಧಿ ಮಾತ್ರ ಮತ್ತೆ ಮತ್ತೆ ವಿಸ್ತರಣೆ ಆಗುತ್ತಾ ಬಂದಿದೆ. ಅದೇ 2012ರಲ್ಲಿ ಗೋವಾದ ಕಬ್ಬಿಣದ ಗಣಿಗಾರಿಕೆ ನಿಂತಿತು, 2018ರಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಒಂದು ಕಡೆ ಗಣಿ ದುಡ್ಡು ನಿಂತಿತ್ತು, ಇನ್ನೊಂದು ಕಡೆ ಕ್ಯಾಸಿನೊ ಲೈಸೆನ್ಸ್ ಶುಲ್ಕ ಕೋಟಿಗಟ್ಟಲೆ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಯಾವ ಹಣಕಾಸು ಸಚಿವ "ಬೇಡ" ಅಂತಾನೆ ಹೇಳಿ?

ನನ್ನ ದೊಡ್ಡ ಆತಂಕ ಇದೇ. ಪಕ್ಷ ಯಾವುದೇ ಇರಲಿ, ಬಜೆಟ್ಟಿನಲ್ಲಿ ಒಂದು ಸಲ ಆ ದುಡ್ಡಿನ ಸಾಲು ಸೇರಿತು ಅಂದರೆ ಅದನ್ನು ಅಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಸರ್ಕಾರಕ್ಕೆ ತೆರಿಗೆ ಹೇಗೆ ಬರುತ್ತೆ?

ಲೈಸೆನ್ಸ್ ಶುಲ್ಕ ರಾಜ್ಯಕ್ಕೆ. ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯ ಇಬ್ಬರಿಗೂ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಕೊಂಡ ಚಿಪ್ (ಹಣದ ಬದಲು ಆಡಲು ಕೊಡುವ ಬಿಲ್ಲೆ) ಪೂರ್ತಿ ಮೌಲ್ಯದ ಮೇಲೆ 28% ಜಿಎಸ್‌ಟಿ ಬಂತು. ಅದಕ್ಕೆ ಮುಂಚೆ ಕ್ಯಾಸಿನೊಗಳು ತಮಗೆ ಉಳಿದ ಹಣದ ಮೇಲೆ ಲೆಕ್ಕ ಹಾಕಿ ಕಟ್ಟುತ್ತಿದ್ದವು. 2025ರ ಸೆಪ್ಟೆಂಬರ್ 22ರಿಂದ ದರ 40% ಆಗಿದೆ. ಲಾಟರಿ, ಕುದುರೆ ಬೆಟ್ಟಿಂಗ್‌ಗೂ ಅದೇ ದರ.

ಇಷ್ಟು ದೊಡ್ಡ ದರ ಕೇಳಿದರೆ ಸರ್ಕಾರ ಶ್ರೀಮಂತ ಆಗಿಬಿಡುತ್ತದೆ ಅನ್ನಿಸುತ್ತದೆ. ಆದರೆ ಕರ್ನಾಟಕ ಅಬಕಾರಿಯಿಂದಲೇ ವರ್ಷಕ್ಕೆ 30 ಸಾವಿರ ಕೋಟಿಗೂ ಜಾಸ್ತಿ ಎತ್ತುತ್ತದೆ. ನಮ್ಮಷ್ಟು ದೊಡ್ಡ ರಾಜ್ಯಕ್ಕೆ ಒಂದೆರಡು ಕ್ಯಾಸಿನೊದ ತೆರಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕಾಗಿ ಒಂದು ಜಿಲ್ಲೆಯನ್ನು ಒಡ್ಡಬೇಕಾ?

ಆ ದುಡ್ಡು ಶ್ರೀಮಂತರದ್ದು ತಾನೇ? ಹೋದ್ರೆ ಹೋಗ್ಲಿ ಬಿಡಿ.

ಎಲ್ಲರೂ ಹೀಗೇ ಅಂದುಕೊಂಡಿರುತ್ತಾರೆ. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2010ರಲ್ಲಿ ಒಂದು ವರದಿ ಕೊಟ್ಟಿತು. ಸರ್ಕಾರದ್ದೇ ಸಂಸ್ಥೆ ಅದು. ಜೂಜಿನ ಮಷಿನ್‌ಗಳಿಗೆ ಬೀಳುವ ಒಟ್ಟು ಹಣದಲ್ಲಿ ಸುಮಾರು 40% ಜೂಜಿನ ಚಟದಿಂದ ತೊಂದರೆಗೆ ಸಿಕ್ಕವರಿಂದಲೇ ಬರುತ್ತದೆ ಎಂದು ಅದು ಅಂದಾಜು ಮಾಡಿತ್ತು. ಜನಸಂಖ್ಯೆಯಲ್ಲಿ ಅವರು ಬಹಳ ಚಿಕ್ಕ ಗುಂಪು. ಹಾಗಾದರೆ ವ್ಯಾಪಾರ ನಿಂತಿರುವುದು ಒಂದು ದಿನ ಮಜಾ ಮಾಡಲು ಬಂದವರ ಮೇಲಾ, ಬಿಡಲಾಗದೆ ಬರುವವರ ಮೇಲಾ?

ನಮ್ಮ ಜಿಲ್ಲೆಗಳಲ್ಲಿ ದುಡ್ಡು ಬರುವ ರೀತಿಯನ್ನೂ ನೋಡಿ. ಕಾಫಿ ಕೊಯ್ಲು ಮುಗಿದು ಪಾರ್ಚ್‌ಮೆಂಟ್ ಮಾರಿದಾಗ ವರ್ಷದ ಹಣ ಒಟ್ಟಿಗೆ ಕೈಗೆ ಬರುತ್ತದೆ. ಶುಂಠಿ ಕಿತ್ತಾಗಲೂ ಹಾಗೇ, ಅರಸೀಕೆರೆ ಕಡೆ ಕೊಬ್ಬರಿ ಮಾರಿದಾಗಲೂ ಹಾಗೇ. ಆ ಹಣದಲ್ಲೇ ಮುಂದಿನ ಕೊಯ್ಲಿನ ತನಕ ಆಳುಗಳ ಬಟವಾಡೆ, ಗೊಬ್ಬರ, ಬ್ಯಾಂಕಿನ ಬಡ್ಡಿ, ಮಕ್ಕಳ ಫೀಸು ಎಲ್ಲ ನಡೆಯಬೇಕು. ತಿಂಗಳ ಸಂಬಳದವನು ಸೋತರೆ ಒಂದು ತಿಂಗಳು ಹೋಗುತ್ತದೆ. ಬೆಳೆಗಾರ ಒಂದು ರಾತ್ರಿ ಸೋತರೆ ಇಡೀ ವರ್ಷ ಹೋಗುತ್ತದೆ, ಅವನ ಜೊತೆ ಲೈನ್ ಮನೆಯಲ್ಲಿರುವ ಕೂಲಿ ಕುಟುಂಬಗಳ ವಾರದ ಬಟವಾಡೆಯೂ ಹೋಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ರೆ ಕೆಲಸ ಸಿಗುತ್ತಲ್ಲ? ಪ್ರವಾಸಿಗರು ಬರ್ತಾರಲ್ಲ?

ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಡೀಲರ್ (ಟೇಬಲಿನಲ್ಲಿ ಎಲೆ ಹಂಚಿ ಆಟ ನಡೆಸುವವರು), ಸೆಕ್ಯುರಿಟಿ, ಅಡುಗೆ, ಹೌಸ್‌ಕೀಪಿಂಗ್, ಡ್ರೈವರ್ ಹೀಗೆ ಬಹಳ ಕೆಲಸ ಹುಟ್ಟುತ್ತವೆ. ಅಮೆರಿಕದ ನೆವಾಡ ರಾಜ್ಯ 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ ಜೂಜನ್ನು ಕಾನೂನುಬದ್ಧ ಮಾಡಿತು. ಲಾಸ್ ವೇಗಸ್ ಬೆಳೆದದ್ದು ಅದರಿಂದ. ಚೀನಾದ ಮಕಾವ್ 2002ರಲ್ಲಿ ಒಂದೇ ಕಂಪನಿಯ ಏಕಸ್ವಾಮ್ಯ ಮುಗಿಸಿ ಬೇರೆಯವರಿಗೂ ಬಾಗಿಲು ತೆರೆಯಿತು. 2006ಕ್ಕೆ ಆದಾಯದಲ್ಲಿ ಲಾಸ್ ವೇಗಸ್ಸಿನ ಮುಖ್ಯ ಕ್ಯಾಸಿನೊ ಬೀದಿಯಾದ ಸ್ಟ್ರಿಪ್ಪನ್ನು ದಾಟಿತು.

ಆದರೆ ಮಕಾವ್ ಸರ್ಕಾರದ ಆದಾಯದಲ್ಲಿ ದೊಡ್ಡ ಪಾಲು ಜೂಜಿನದ್ದೇ ಆಯಿತು. 2020ರಲ್ಲಿ ಕೋವಿಡ್ ಬಂದು ಗಡಿ ಮುಚ್ಚಿದಾಗ ಆ ಜೂಜಿನ ಆದಾಯ ಸುಮಾರು 80% ಕುಸಿಯಿತು. ಅಮೆರಿಕದ ಅಟ್ಲಾಂಟಿಕ್ ಸಿಟಿಯದ್ದು ಇನ್ನೂ ಬೇಸರದ ಕಥೆ. ಊರು ಉದ್ಧಾರ ಆಗಲಿ ಅಂತ 1976ರಲ್ಲಿ ಜನಮತ ತೆಗೆದುಕೊಂಡು 1978ರಲ್ಲಿ ಮೊದಲ ಕ್ಯಾಸಿನೊ ತೆರೆದರು. ಅಕ್ಕಪಕ್ಕದ ರಾಜ್ಯಗಳೂ ತೆರೆದವು, ಗಿರಾಕಿ ಹಂಚಿಹೋದರು. 2014 ಒಂದೇ ವರ್ಷದಲ್ಲಿ ಹನ್ನೆರಡರಲ್ಲಿ ನಾಲ್ಕು ಬಾಗಿಲು ಹಾಕಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ನಾವು ತೆರೆದರೆ ಆಂಧ್ರ, ತಮಿಳುನಾಡು ಸುಮ್ಮನಿರುತ್ತವಾ?

ಇನ್ನು ಪ್ರವಾಸಿಗರ ವಿಷಯ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಶನಿವಾರ, ಭಾನುವಾರ ವಾಹನ ನಿಲ್ಲಿಸಲು ಜಾಗ ಇಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಜನ ಬರುತ್ತಿಲ್ಲ ಎನ್ನುವುದು ನಮ್ಮ ಕೊರತೆಯೇ ಅಲ್ಲ. ಬಂದವರಿಗೆ ಒಳ್ಳೆಯ ಶೌಚಾಲಯ, ಬಸ್ಸು, ಕಸದ ವ್ಯವಸ್ಥೆ ಇಲ್ಲದಿರುವುದು ಕೊರತೆ. ಜೊತೆಗೆ, ಕ್ಯಾಸಿನೊಗೆ ಬಂದವರನ್ನು ಹೊರಗೆ ಬಿಡದೆ ಒಳಗೇ ತಿನ್ನಿಸಿ, ಕುಡಿಸಿ, ಮಲಗಿಸುವುದು ಆ ವ್ಯಾಪಾರದ ಪದ್ಧತಿ. ಹೋಮ್‌ಸ್ಟೇಯವರಿಗೆ, ರಸ್ತೆ ಬದಿಯ ಹೋಟೆಲಿನವರಿಗೆ ಎಷ್ಟು ಸಿಕ್ಕೀತು?

ಹೊರಗಿನವರು ಮಾತ್ರ ಆಡ್ಲಿ, ನಮ್ಮವರನ್ನ ಬಿಡೋದು ಬೇಡ ಅಂದ್ರೆ?

ಈ ಯೋಚನೆ ಹಳೆಯದು. ಮೊನಾಕೊ ತನ್ನ ಪ್ರಜೆಗಳಿಗೆ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಆಡಲು ಬಿಡುವುದಿಲ್ಲ. ನೇಪಾಳದಲ್ಲಿ ನೇಪಾಳಿಗರಿಗೆ ಪ್ರವೇಶ ಇಲ್ಲ, ಭಾರತೀಯರಿಗೆ ಸ್ವಾಗತ. ಗೋವಾದಲ್ಲೂ 2020ರ ಫೆಬ್ರವರಿಯಿಂದ ಗೋವಾದವರಿಗೆ ಕ್ಯಾಸಿನೊ ಪ್ರವೇಶ ನಿಷೇಧ ಅಂತ ಸರ್ಕಾರ ಪ್ರಕಟಿಸಿತು. ಇದು ಒಳ್ಳೆಯದೇ ಆಗಿದ್ದರೆ ತಮ್ಮ ಜನರನ್ನು ಯಾಕೆ ದೂರ ಇಡುತ್ತಾರೆ, ಅಲ್ವಾ? ಗೋವಾ ತನ್ನವರನ್ನು ತಡೆದು ನಮ್ಮವರಿಗೆ ಬಾಗಿಲು ತೆರೆದಿದೆ. ನಾವು ಅದನ್ನೇ ಮಾಡಿದರೆ ಇನ್ಯಾರದ್ದೋ ಊರಿನ ಮನೆ ಹಾಳಾಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ.

ಈ ದಾರಿಯಲ್ಲಿ ಸ್ವಲ್ಪ ಪ್ರಾಮಾಣಿಕವಾಗಿ ನಡೆದಿರುವುದು ಸಿಂಗಪುರ. 2010ರಲ್ಲಿ ಎರಡೇ ಕ್ಯಾಸಿನೊ ತೆರೆದರು. ಅಲ್ಲಿನ ಪ್ರಜೆಗಳು ಒಳಗೆ ಹೋಗಲು ದಿನಕ್ಕೆ 100 ಸಿಂಗಪುರ ಡಾಲರ್ ಕಟ್ಟಬೇಕಿತ್ತು, 2019ರಲ್ಲಿ ಅದನ್ನು 150 ಮಾಡಿದರು. ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಪ್ರವೇಶವೇ ಇಲ್ಲ. ಮನೆಯವರೇ ಅರ್ಜಿ ಹಾಕಿ ಗಂಡನನ್ನೋ ಮಗನನ್ನೋ ಒಳಗೆ ಬಿಡದಂತೆ ಮಾಡಿಸಬಹುದು. ಇದು ನಡೆಯುವುದು ಕಾನೂನನ್ನು ಚಾಚೂ ತಪ್ಪದೆ ಪಾಲಿಸುವ ಚಿಕ್ಕ ದೇಶದಲ್ಲಿ. ಹಳ್ಳಿ ಹಳ್ಳಿಯ ಮಟ್ಕಾ ಚೀಟಿಯನ್ನೇ ನಿಲ್ಲಿಸಲಾಗದ ನಾವು ಇಷ್ಟು ಬಿಗಿ ಇಟ್ಟುಕೊಳ್ಳುತ್ತೇವೆ ಅಂತ ನನಗೆ ನಂಬಿಕೆ ಇಲ್ಲ.

ರಾಜಕೀಯಕ್ಕೂ ಇದಕ್ಕೂ ಏನು ಸಂಬಂಧ?

ಲೈಸೆನ್ಸ್ ಸರ್ಕಾರದ ಕೈಯಲ್ಲಿರುತ್ತದೆ. ಲೈಸೆನ್ಸ್ ಇದ್ದರೆ ಕೋಟಿ, ಇಲ್ಲದಿದ್ದರೆ ಸೊನ್ನೆ. ಹೀಗಿರುವಾಗ ವ್ಯಾಪಾರದವರು ರಾಜಕೀಯದ ಬಾಗಿಲಲ್ಲೇ ಇರುತ್ತಾರೆ. ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಚುನಾವಣಾ ಬಾಂಡ್ (ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಪತ್ರ) ರದ್ದು ಮಾಡಿದ ಮೇಲೆ ಕೊಂಡವರ ಪಟ್ಟಿ ಹೊರಬಂತು. ಎಲ್ಲರಿಗಿಂತ ಜಾಸ್ತಿ ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ, 1,368 ಕೋಟಿ ರೂಪಾಯಿಯಷ್ಟು. ಉಕ್ಕು, ಸಿಮೆಂಟು, ಔಷಧಿ ಕಂಪನಿಗಳೆಲ್ಲ ಅದರ ಹಿಂದೆ. ಲಾಟರಿ ಕೊಳ್ಳುವವರು ಯಾರು ಅಂತ ನಿಮಗೆ ಗೊತ್ತು.

ಆಸ್ಟ್ರೇಲಿಯಾದಲ್ಲಿ ನಡೆದದ್ದು ಇನ್ನೂ ಸ್ಪಷ್ಟವಾಗಿದೆ. 2010ರಲ್ಲಿ ಪ್ರಧಾನಿ ಜೂಲಿಯಾ ಗಿಲಾರ್ಡ್ ಅವರಿಗೆ ಬಹುಮತ ಇರಲಿಲ್ಲ. ಆಂಡ್ರೂ ವಿಲ್ಕಿ ಎಂಬ ಪಕ್ಷೇತರ ಸಂಸದ ಬೆಂಬಲ ಕೊಟ್ಟರು. ಮಷಿನ್ ಆಡುವವರು ಎಷ್ಟು ಸೋಲಬಹುದು ಎಂಬ ಮಿತಿಯನ್ನು ಮುಂಚೆಯೇ ಹಾಕಿಕೊಳ್ಳಬೇಕು ಎನ್ನುವ ಕಾನೂನು ತನ್ನಿ ಎಂಬುದು ಅವರ ಷರತ್ತು. ಮಷಿನ್ ಇಟ್ಟುಕೊಂಡಿದ್ದ ಕ್ಲಬ್ಬುಗಳು ಸಂಸದರ ಕ್ಷೇತ್ರಗಳಲ್ಲೇ ದೊಡ್ಡ ಪ್ರಚಾರ ನಡೆಸಿದವು. 2012ರ ಜನವರಿಯಲ್ಲಿ ಸರ್ಕಾರ ಮಾತಿನಿಂದ ಹಿಂದೆ ಸರಿಯಿತು, ವಿಲ್ಕಿ ಬೆಂಬಲ ವಾಪಸ್ ಪಡೆದರು. ಜನ ಸೋತ ದುಡ್ಡೇ ಜನರನ್ನು ಕಾಪಾಡುವ ಕಾನೂನಿನ ವಿರುದ್ಧ ಖರ್ಚಾಯಿತು.

ಒಂದ್ಸಲ ಬಂದದ್ದನ್ನ ಯಾರಾದ್ರೂ ತೆಗೆದುಹಾಕಿದ್ದಾರಾ?

ಹೌದು. ನಾರ್ವೆ 2007ರಲ್ಲಿ ಖಾಸಗಿ ಸ್ಲಾಟ್ ಮಷಿನ್‌ಗಳನ್ನು ದೇಶದಿಂದಲೇ ತೆಗೆಸಿತು. ಆಮೇಲೆ ಸರ್ಕಾರಿ ಕಂಪನಿ ಮಾತ್ರ ಮಷಿನ್ ಇಟ್ಟಿತು, ಅದಕ್ಕೂ ಸೋಲಿನ ಮಿತಿ ಹಾಕಿತು.

ದೂರ ಯಾಕೆ, ಅದೇ 2007ರಲ್ಲಿ ನಮ್ಮ ರಾಜ್ಯದಲ್ಲೂ ಲಾಟರಿ ನಿಷೇಧ ಆಯಿತು. ಹಾಸನ ಜಿಲ್ಲೆಯ ಹರದನಹಳ್ಳಿಯವರಾದ ಎಚ್.ಡಿ. ಕುಮಾರಸ್ವಾಮಿ ಆಗ ಮುಖ್ಯಮಂತ್ರಿ. ಬಸ್ ಸ್ಟ್ಯಾಂಡಿನ ಪಕ್ಕದ ಲಾಟರಿ ಅಂಗಡಿ ಮುಂದೆ ಕೂಲಿಯವರು ಫಲಿತಾಂಶಕ್ಕೆ ಕಾಯುತ್ತಾ ನಿಲ್ಲುತ್ತಿದ್ದದ್ದು ನಮ್ಮ ಕಡೆಯ ಹಿರಿಯರಿಗೆ ನೆನಪಿರುತ್ತದೆ. ಸರ್ಕಾರಕ್ಕೆ ಆದಾಯ ಹೋಗುತ್ತದೆ ಎಂಬ ವಾದ ಆಗಲೂ ಇತ್ತು. ಆದಾಯ ಹೋಯಿತು, ರಾಜ್ಯ ನಡೆಯಿತು.

ನಿಷೇಧ ಮಾಡಿದ್ರೆ ಕಳ್ಳದಾರೀಲಿ ನಡೆಯುತ್ತಲ್ಲ?

ನಡೆಯುತ್ತದೆ. ಮಟ್ಕಾ, ಐಪಿಎಲ್ ಬೆಟ್ಟಿಂಗ್ ಎಲ್ಲ ಇದೆ. ಯುಗಾದಿ ಬಂದರೆ ಇಸ್ಪೀಟು ಎಲೆ ಹೊರಬರುವುದು ಹಾಸನದ ಹಳ್ಳಿಗಳಲ್ಲಿ ಹೊಸದೇನಲ್ಲ. ಆದರೆ ಕದ್ದು ನಡೆಯುವುದಕ್ಕೂ, ಜಾಹೀರಾತು ಹಾಕಿ, ಬಸ್ ಬಿಟ್ಟು, ಊಟ ಕೊಟ್ಟು ಕರೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೆಯದು ಯಾವತ್ತೂ ಆಡದವನನ್ನೂ ಎಳೆದು ತರುತ್ತದೆ. ಇನ್ನೊಂದು ಮಾತು: ಕಾನೂನುಬದ್ಧ ಮಾಡಿದ ಕೂಡಲೇ ಮಟ್ಕಾ ನಿಲ್ಲುತ್ತದೆ ಎಂದೇನೂ ಇಲ್ಲ. ಹತ್ತು, ಇಪ್ಪತ್ತು ರೂಪಾಯಿ ಕಟ್ಟುವವನು ಕ್ಯಾಸಿನೊ ಗಿರಾಕಿಯೇ ಅಲ್ಲ.

ಕ್ಲಬ್ಬಿನಲ್ಲಿ ರಮ್ಮಿ ಆಡಬಹುದಾ?

ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಕುದುರೆ ರೇಸ್ ಬಗ್ಗೆ 1996ರಲ್ಲಿ ಅದೇ ರೀತಿ ಹೇಳಿತು. ಅಂದರ್ ಬಾಹರ್ ಪೂರ್ತಿ ಅದೃಷ್ಟ, ಅದಕ್ಕೆ ಈ ರಕ್ಷಣೆ ಇಲ್ಲ. ರಮ್ಮಿಯ ಹೆಸರಿನಲ್ಲಿ ಕ್ಲಬ್ಬಿನವರು ಪ್ರತಿ ಆಟದಿಂದ ಪಾಲು ಎತ್ತುತ್ತಿದ್ದರೆ ಅದೂ ಅಪರಾಧ ಆಗಬಹುದು.

ಮೊಬೈಲಿನಲ್ಲೇ ಎಲ್ಲಾ ಇರುವಾಗ ಕ್ಯಾಸಿನೊ ಬಗ್ಗೆ ಯಾಕೆ ತಲೆ ಕೆಡಿಸ್ಕೋಬೇಕು?

ಮೊಬೈಲ್ ದೊಡ್ಡ ಸಮಸ್ಯೆ, ಒಪ್ಪುತ್ತೇನೆ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿತು. ಹಣದ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ದೊಡ್ಡ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ವಿದೇಶದಿಂದ ನಡೆಯುವ ಕಳ್ಳ ಆ್ಯಪ್‌ಗಳು ಇನ್ನೂ ಲಿಂಕ್ ಕಳಿಸುತ್ತಿವೆ, ಅಲ್ಲಿ ಕಳೆದುಕೊಂಡರೆ ಕೇಳಲು ದಿಕ್ಕಿಲ್ಲ. ಮೊಬೈಲಿನಲ್ಲಿ ಅದೇ ಸ್ಲಾಟ್ ಮಷಿನ್ ಗಣಿತ ನಡೆಯುತ್ತಿರುತ್ತದೆ, ಮನೆಯವರಿಗೆ ಕಾಣುವುದಿಲ್ಲ ಅಷ್ಟೇ.

ಗೋವಾದಲ್ಲಿ ಗೆದ್ರೆ ತೆರಿಗೆ ಕಟ್ಟಬೇಕಾ?

ಕಟ್ಟಬೇಕು. ಜೂಜಿನ ಗೆಲುವಿಗೆ 30% ಆದಾಯ ತೆರಿಗೆ, ಮೇಲೆ ಸೆಸ್. ಇವತ್ತು ಒಂದು ಲಕ್ಷ ಗೆದ್ದು ನಾಳೆ ಅದೇ ಲಕ್ಷ ಸೋತರೂ ಸೋಲನ್ನು ಕಳೆಯಲು ಬಿಡುವುದಿಲ್ಲ.

ನಮ್ಮ ಮನೆಯಲ್ಲೇ ಒಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ಏನು ಮಾಡೋದು?

ಬೈದು, ಆಣೆ ಪ್ರಮಾಣ ಮಾಡಿಸಿ ಉಪಯೋಗ ಇಲ್ಲ. ಇದು ಚಿಕಿತ್ಸೆ ಇರುವ ತೊಂದರೆ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಬೇರೆ ವಿಭಾಗ ಇದೆ.

ಸಾಲದ ಪಟ್ಟಿಯನ್ನು ಅವರ ಜೊತೆ ಕೂತು ಪೂರ್ತಿ ಬರೆಯಿರಿ, ಕೈಸಾಲ, ಆ್ಯಪ್ ಸಾಲ, ಅಡವಿಟ್ಟ ಒಡವೆ ಎಲ್ಲ. ಬ್ಯಾಂಕ್ ಖಾತೆ, ಯುಪಿಐ, ತೋಟದ ಪತ್ರಗಳನ್ನು ಕೆಲವು ಕಾಲ ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ, ಅದೂ ಅವರನ್ನು ಒಪ್ಪಿಸಿಯೇ. ಸಾಲವನ್ನು ಒಂದೇ ಸಲ ತೀರಿಸಿ ಕೈಗೆ ಮತ್ತೆ ಹಣ ಕೊಡಬೇಡಿ. ಸಾಯುವ ಮಾತೇನಾದರೂ ಬಂದರೆ ಅದನ್ನು ಬೆದರಿಕೆ ಅಂದುಕೊಳ್ಳದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ರಾತ್ರಿ ಒಬ್ಬರನ್ನೇ ಬಿಡಬೇಡಿ.